ದಫೇದಾರನ ಎಡಗಾಲು

ವೈದ್ಯೆ ಎರಡು ಬೆರಳುಗಳನ್ನು ನಾಯಿಯ ಎಡ ಮುಂಗಾಲಿನ ಬುಡಕ್ಕೆ, ಎದೆಗೂ ಕಾಲಿಗೂ ನಡುವಿನ ಸಂದಿಗೆ ಮೆಲ್ಲಗೆ ತೂರಿಸಿ ಒತ್ತಿದಳು. ನಾಯಿ ಕೂಗಲಿಲ್ಲ. ಉಸಿರು ಹಿಡಿದು, ತಲೆಯನ್ನು ಪಕ್ಕಕ್ಕೆ ತಿರುಗಿಸಿ, ಗೋಡೆಗೆ ಅಂಟಿಸಿದ್ದ ಲಸಿಕೆಗಳ ಪಟ್ಟಿಯನ್ನು ನೋಡತೊಡಗಿತು. "ಇದಕ್ಕೆ ತುಂಬಾ ನೋವಿದೆ," ಎಂದಳು ವೈದ್ಯೆ. ನಾಯಿಯನ್ನು ಕರೆತಂದ ಗಂಡ ಹೆಂಡತಿ ಒಳಗೆ ಬಂದು ಎರಡು ನಿಮಿಷವೂ ಆಗಿರಲಿಲ್ಲ. ನಿದ್ದೆ ಸರಿಯಾಗಿ ಬರುತ್ತದೆಯೇ ಎಂದು ಕೇಳಲಿಲ್ಲ, ಮನೆಯಲ್ಲಿ ಏನಾದರೂ ಚಿಂತೆಯಿದೆಯೇ ಎಂದು ಕೇಳಲಿಲ್ಲ, ನಿಜವಾಗಿಯೂ ನೋವೋ ಅಥವಾ ಬರೀ ಜೋಮೋ ಎಂದು ಕೂಡ ಕೇಳಲಿಲ್ಲ. ಬೆರಳಿಟ್ಟಳು, ನಂಬಿದಳು. ಮೇಜಿನ ಈಚೆ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನಿಂತಿದ್ದ ಹೆಂಡತಿಗೆ ಎದೆಯೊಳಗೆ ಏನೋ ಚುರ್ ಎಂದಿತು. ಅದು ಕನಿಕರವಲ್ಲ ಎಂಬುದು ಒಡನೆಯೇ ಗೊತ್ತಾಯಿತು. ಕನಿಕರ ಹೀಗೆ ಗಂಟಲಿಗೆ ಹುಳಿಹುಳಿಯಾಗಿ ಬರುವುದಿಲ್ಲ. ಐವತ್ತರ ಹತ್ತಿರ ಬಂದ ಹೆಂಗಸು ತಾನು, ಮೂತಿ ನರೆತ ಹನ್ನೊಂದು ವರ್ಷದ ನಾಯಿಯ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನೆ ಎಂದುಕೊಂಡಳು. ನಗು ಬರಬೇಕಿತ್ತು. ಬರಲಿಲ್ಲ.

ಯಾವಾಗಿನಿಂದ ಕುಂಟುತ್ತಿದೆ ಎಂದು ವೈದ್ಯೆ ಕೇಳಿದಳು. ನಿನ್ನೆ ಸಂಜೆಯಿಂದ ಎಂದ ಗಂಡ. ನಿನ್ನೆ ಮೆಟ್ಟಿಲು ಹತ್ತುವಾಗ ಪಾದ ಮಡಚಿಕೊಂಡು ಬಿದ್ದಿತೆಂದೂ, ಆಮೇಲೆ ಆ ಕಾಲನ್ನು ನೆಲಕ್ಕೆ ಊರಲೇ ಇಲ್ಲವೆಂದೂ, ಬೆಳಗಾಗುವುದನ್ನೇ ಕಾದು ರಜೆ ಹಾಕಿ ಬಂದೆನೆಂದೂ ಹೇಳಿದ. ಅವನು ಲಿಫ್ಟ್ ಮೆಕ್ಯಾನಿಕ್. ಯಾವ ಯಂತ್ರ ಎಷ್ಟು ಗಂಟೆಗೆ ಯಾವ ಅಂತಸ್ತಿನಲ್ಲಿ ನಿಂತಿತು ಎಂದು ಬರೆದಿಡುವುದು ಅಭ್ಯಾಸವಾದ್ದರಿಂದ ಅದನ್ನೂ ಹಾಗೆಯೇ ಒಪ್ಪಿಸಿದ. ವೈದ್ಯೆ ಅವನ ಅಂಗೈಯನ್ನು ಎತ್ತಿ ನಾಯಿಯ ಬಲ ಹೆಗಲ ಮೇಲಿಟ್ಟಳು, ಆಮೇಲೆ ಎಡ ಹೆಗಲ ಮೇಲೆ. "ಈ ಕಡೆ ಮಾಂಸ ಕರಗಿದೆ, ಮೂಳೆ ಕೈಗೆ ಸಿಗುತ್ತೆ ನೋಡಿ. ಇದು ನಿನ್ನೇದಲ್ಲ. ಮೂರು ವಾರ ಆದ್ರೂ ಆಗಿರ್ಬೇಕು." ಗಂಡನ ಕೈ ಆ ತಗ್ಗಿನ ಮೇಲೆ ಹಾಗೆಯೇ ನಿಂತಿತು. ನಾನು ನೋಡಲೇ ಇಲ್ಲವಲ್ಲ ಎಂದು ಯಾರಿಗೂ ಅಲ್ಲದ ಹಾಗೆ ಹೇಳಿಕೊಂಡ. ದಿನಾ ಎರಡು ಸಲ ಹೊರಗೆ ಕರೆದುಕೊಂಡು ಹೋಗುವವನು ನಾನೇ, ನಾನೇ ನೋಡಲಿಲ್ಲವಲ್ಲ ಎಂದ. ಅವಳು ಸ್ಟೀಲ್ ತಟ್ಟೆಯಲ್ಲಿದ್ದ ಕತ್ತರಿಗಳನ್ನು ನೋಡುತ್ತಿದ್ದಳು. ಮೂರು ವಾರವಲ್ಲ, ಇಪ್ಪತ್ತೆರಡು ದಿನ. ಅದು ಅವಳಿಗೆ ಗೊತ್ತಿತ್ತು. ಬಾಯಿ ತೆರೆದರೆ ಹೇಳಿಬಿಡಬಹುದಿತ್ತು. ಗಂಡನ ಮುಖ ಅಷ್ಟು ಸಣ್ಣದಾದದ್ದನ್ನು ಅವಳು ಬಹಳ ದಿನಗಳಿಂದ ನೋಡಿರಲಿಲ್ಲ. ಅದನ್ನು ಇನ್ನೂ ಸ್ವಲ್ಪ ಹೊತ್ತು ನೋಡಬೇಕೆನ್ನಿಸಿ ಸುಮ್ಮನಿದ್ದಳು.

ಇಪ್ಪತ್ತೆರಡು ದಿನಗಳ ಹಿಂದೆ, ಬೆಳಿಗ್ಗೆ, ಗಂಡ ಹೊರಗೆ ಕರೆದೊಯ್ಯಲೆಂದು ಅವಳು ನಾಯಿಗೆ ಹಗ್ಗ ಸಿಕ್ಕಿಸುವ ಎದೆಪಟ್ಟಿ ಕಟ್ಟುತ್ತಿದ್ದಳು. ಪಟ್ಟಿ ಎಡಗಾಲಿನ ಹಿಂದೆ ಹಾದುಹೋಗುವಾಗ ಅದು ಮೈಯನ್ನು ಕೂದಲೆಳೆಯಷ್ಟು ಆಚೆ ಸರಿಸಿತು. ಅಷ್ಟೇ. ಅದರ ಹೆಸರು ದಫೇದಾರ. ಮರಿಯಾಗಿದ್ದಾಗ ಮೆಟ್ಟಿಲಿನ ತುದಿಯಲ್ಲಿ ಎದೆ ಸೆಟೆಸಿ ಕೂತು ಹೋಗಿಬರುವವರನ್ನೆಲ್ಲ ತಪಾಸಣೆ ಮಾಡುತ್ತಿತ್ತೆಂದು ಗಂಡ ಇಟ್ಟ ಹೆಸರು. ಯಾವುದಕ್ಕೂ ಹಿಂಜರಿಯದ ನಾಯಿ ಅದು. ಹಾಗೆ ಸರಿದದ್ದು ಏನೆಂದು ಅವಳಿಗೆ ತಕ್ಷಣ ಅರ್ಥವಾಯಿತು. ಬಸ್ಸಿನಲ್ಲಿ ಯಾರಾದರೂ ಬಲಗಡೆ ಬಂದು ಕೂತಾಗ ತಾನು ಸರಿಯುವುದು ಹಾಗೆಯೇ. ನೋವಾಯಿತೆಂದಲ್ಲ, ಆಗಬಹುದೆಂದು. ಗಂಡನಿಗೆ ಹೇಳಬೇಕೆಂದುಕೊಂಡಳು, ಅಷ್ಟರಲ್ಲಿ ಅವನಿಗೆ ಫೋನ್ ಬಂತು. ಸಂಜೆ ಹೇಳೋಣ ಎಂದುಕೊಂಡಳು. ಸಂಜೆ ಅವಳೇ ಕೈ ಹಿಡಿದುಕೊಂಡು ಕೂತಿದ್ದಳು. ಅವನು ಷೂ ಬಿಚ್ಚುತ್ತ "ಮತ್ತೆ ಕೈಯಾ?" ಎಂದ. ಕೆಟ್ಟದಾಗಿ ಹೇಳಲಿಲ್ಲ, ಅವನು ಯಾವತ್ತೂ ಕೆಟ್ಟದಾಗಿ ಹೇಳಿದವನಲ್ಲ. ಮತ್ತೆ ಕರೆಂಟ್ ಹೋಯಿತೇ ಎಂದು ಕೇಳುವ ದನಿಯಲ್ಲಿ ಕೇಳಿದ. ಆಗ ಅವಳಿಗೆ ಅನ್ನಿಸಿತು, ನೋಡೋಣ. ಬಾಯಿಬಿಟ್ಟು ಹೇಳಿದ ನೋವನ್ನೇ ನಾಲ್ಕು ವರ್ಷವಾದರೂ ಕಾಣದವನಿಗೆ, ಹೇಳದ ನೋವು ಎಷ್ಟು ದಿನಕ್ಕೆ ಕಾಣುತ್ತದೆ ನೋಡೋಣ. ದಿನಾ ಬೆಳಿಗ್ಗೆ ಪಟ್ಟಿ ಕಟ್ಟುವಾಗ ಎಣಿಸಿದಳು. ಹತ್ತನೆಯ ದಿನ ನಾಯಿ ಮೆಟ್ಟಿಲಿಳಿಯುವಾಗ ಬಲಗಾಲನ್ನೇ ಮೊದಲು ಇಡತೊಡಗಿತು. ಹದಿನೈದನೆಯ ದಿನ ಉಗುರು ನೆಲಕ್ಕೆ ಕೆರೆಯುವ ಸದ್ದು ಕೇಳಿತು. ಅವಳು ಕೇಳಿದಳು, ಎಣಿಸಿದಳು. ತನ್ನ ಲೆಕ್ಕ ದೊಡ್ಡದಾದಷ್ಟೂ ಗಂಡ ಸೋಲುತ್ತಿದ್ದಾನೆ ಎಂಬ ಒಂದು ತೆರನ ಸಮಾಧಾನವಿತ್ತು. ನಾಯಿ ಸೋಲುತ್ತಿದೆ ಎಂಬುದು ಹೊಳೆದಿರಲಿಲ್ಲ. ಇಲ್ಲ, ಹೊಳೆದಿತ್ತು. ಅದನ್ನು ಆಚೆ ತಳ್ಳಿದ್ದಳು.

ನಾಲ್ಕು ವರ್ಷ. ಬಲ ಮೊಣಕೈಯ ಒಳಬದಿಯಿಂದ ಕಿರುಬೆರಳಿನವರೆಗೆ ಬಿಸಿ ತಂತಿ ಎಳೆದಂತೆ. ಮೊದಲ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ಎಲ್ಲಾ ನಾರ್ಮಲ್ ಎಂದರು. ಎರಡನೆಯವರು ಮುಲಾಮು ಬರೆದುಕೊಟ್ಟರು. ಮೂರನೆಯವರು ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಕೇಳಿದರು. ಮಗಳು ಓದಲು ಬೇರೆ ಊರಿಗೆ ಹೋಗಿದ್ದಾಳೆ ಎಂದಳು ಅವಳು. "ಅದೇ ಮತ್ತೆ," ಎಂದು ಅವರು ಪೆನ್ನಿನ ಮುಚ್ಚಳ ಹಾಕಿದರು. ಮನೆ ಖಾಲಿಯಾದಾಗ ಮನಸ್ಸು ಕೂರಲು ಜಾಗ ಹುಡುಕುತ್ತದೆ, ನಿಮ್ಮದು ಕೈಯಲ್ಲಿ ಕೂತಿದೆ ಎಂದು ವಿವರಿಸಿದರು. ಸ್ಕ್ಯಾನ್ ಮಾಡಿಸಬಹುದೇ ಎಂದು ಅವಳು ಕೇಳಿದ್ದಕ್ಕೆ ಅದರ ಅಗತ್ಯ ಕಾಣುವುದಿಲ್ಲ ಎಂದರು. ಪಕ್ಕದಲ್ಲಿ ಕೂತಿದ್ದ ಗಂಡ ತಲೆಯಾಡಿಸಿದ್ದ. ಆ ತಲೆಯಾಡಿಸುವಿಕೆ ಅವಳಿಗೆ ಇವತ್ತಿಗೂ ನೆನಪಿದೆ. ಯಂತ್ರದಲ್ಲಿ ದೋಷವಿಲ್ಲ, ಗುಂಡಿ ಒತ್ತುವವರೇ ಸರಿಯಾಗಿ ಒತ್ತಿಲ್ಲ ಎಂದು ಗೊತ್ತಾದಾಗ ಅವನು ಹಾಗೆ ತಲೆಯಾಡಿಸುತ್ತಾನೆ. ಈಗ ಅದೇ ಮನುಷ್ಯ ವೈದ್ಯೆಯ ಮುಂದೆ ಬಾಗಿ, ಸ್ಕ್ಯಾನ್ ಇವತ್ತೇ ಆಗುತ್ತದೆಯೇ ಎಂದು ಕೇಳುತ್ತಿದ್ದ.

ಇವತ್ತಾಗಲಿಲ್ಲ, ಗುರುವಾರ ಆಯಿತು. ನಾಯಿಗೆ ಮಂಪರು ಬರಿಸಿ ದೊಡ್ಡ ಬಳೆಯಂಥ ಯಂತ್ರದೊಳಗೆ ತಳ್ಳಿದರು. ಹೊರಗಿನ ಬೆಂಚಿನ ಮೇಲೆ ಗಂಡ ಖಾಲಿ ಎದೆಪಟ್ಟಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಎದುರಿಗೆ ಬೆಕ್ಕಿನ ಬುಟ್ಟಿ ಹಿಡಿದಿದ್ದ ಮುದುಕಿಗೆ ನಾಯಿಯ ಕಥೆಯನ್ನೆಲ್ಲ ಹೇಳಿದ, ತಾನು ನೋಡದೇ ಹೋದದ್ದನ್ನೂ ಸೇರಿಸಿ. ಮೂಕಪ್ರಾಣಿ, ಪಾಪ, ಹೇಳಿಕೊಳ್ಳುವುದಕ್ಕೂ ಬಾಯಿಲ್ಲ ಎಂದಳು ಮುದುಕಿ. ಬಾಯಿದ್ದರೆ ಇಷ್ಟೊತ್ತಿಗೆ ನನಗೆ ಬರೆದ ಹಾಗೆ ಅದಕ್ಕೂ ನಿದ್ದೆ ಮಾತ್ರೆ ಬರೆದುಕೊಟ್ಟಿರುತ್ತಿದ್ದರು ಎಂಬ ಮಾತು ಹೆಂಡತಿಯ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಒಳಗೆ ಕರೆದರು. ಪರದೆಯ ಮೇಲೆ ಬೂದು ಬಣ್ಣದ ಮೋಡಗಳಂಥ ಚಿತ್ರ. ವೈದ್ಯೆ ಪೆನ್ನಿನ ತುದಿಯಿಂದ ತೋರಿಸಿದಳು: ಬಲಗಡೆ ದಾರದಷ್ಟು ಸಣ್ಣಗಿರುವ ನರಗಳ ಕಟ್ಟು, ಎಡಗಡೆ ಹಗ್ಗದಷ್ಟು ದಪ್ಪವಾಗಿ ಬೆಳ್ಳಗೆ ಹೊಳೆಯುತ್ತಿದೆ. ಕತ್ತಿನ ಬುಡದಿಂದ ಹೊರಟು ಕಾಲಿಗೆ ಇಳಿಯುವ ದಾರಿಯುದ್ದಕ್ಕೂ ಊದಿದೆ. ಗಂಡ ಕಣ್ಣೊರೆಸಿಕೊಂಡ. ಅವಳು ಪರದೆಗೆ ಇನ್ನೂ ಹತ್ತಿರ ಹೋದಳು. ಅಷ್ಟು ಚೆಂದದ ವಸ್ತುವನ್ನು ತಾನು ನೋಡಿಯೇ ಇಲ್ಲ ಎನ್ನಿಸಿತು.

"ನೋವು ಹೀಗಿರುತ್ತಾ ನೋಡೋಕೆ?" ಎಂದು ಕೇಳಿದಳು.

"ನೋವು ಇದರಲ್ಲಿ ಕಾಣಲ್ಲ ಮೇಡಂ," ಎಂದಳು ವೈದ್ಯೆ. "ಕಾರಣ ಕಾಣುತ್ತೆ ಅಷ್ಟೇ. ಕಾರಣ ಕಾಣದೇನೂ ನೋವು ಇರಬಹುದು."

ಆ ಮಾತನ್ನು ವೈದ್ಯೆ ಪರದೆ ನೋಡುತ್ತಲೇ ಹೇಳಿದ್ದಳು, ಯಾವ ವಿಶೇಷವೂ ಇಲ್ಲದೆ. ಗಂಡ ಅದನ್ನು ಕೇಳಿಸಿಕೊಂಡನೇ ಎಂದು ಅವಳು ತಿರುಗಿ ನೋಡಿದಳು. ಅವನು ಮತ್ತೇನನ್ನೋ ಕೇಳುತ್ತಿದ್ದ, ಇದಕ್ಕೆ ಔಷಧಿ ಇದೆಯಲ್ಲವೇ ಎಂದು. ಸೂಜಿ ಹಾಕಿ ಆ ಊತದಿಂದ ಒಂದಿಷ್ಟು ತೆಗೆದು ಪರೀಕ್ಷೆಗೆ ಕಳಿಸಿದರು. ನಾಲ್ಕು ದಿನಕ್ಕೆ ಹೆಸರು ಬಂತು: ಲಿಂಫೋಮಾ. ಸಾಮಾನ್ಯವಾಗಿ ಇದು ದವಡೆಯ ಕೆಳಗೋ ಕತ್ತಿನ ಬಳಿಯೋ ಗಂಟಾಗಿ ಕಾಣಿಸಿಕೊಳ್ಳುವ ಕ್ಯಾನ್ಸರು, ಅಪರೂಪಕ್ಕೆ ಹೀಗೆ ನರದೊಳಗೇ ಹೋಗಿ ಕೂರುತ್ತದೆ, ಆಗ ಹೊರಗೆ ಏನೂ ಕಾಣುವುದಿಲ್ಲ ಎಂದು ವೈದ್ಯೆ ವಿವರಿಸಿದಳು. ಔಷಧಿಯಿಂದ ಕೆಲವು ತಿಂಗಳು ಸಿಗಬಹುದು, ವಾಸಿಯಾಗುವುದಿಲ್ಲ. ಮೂರು ವಾರ ಮೊದಲೇ ಬಂದಿದ್ದರೆ ಎಂದು ಗಂಡ ಶುರುಮಾಡಿದ. ಹೇಳುವುದು ಕಷ್ಟ ಎಂದಳು ವೈದ್ಯೆ. ಇಲ್ಲವೆನ್ನಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಗಂಡ ಎರಡು ಸಲ ಗಾಡಿ ನಿಲ್ಲಿಸಿದ. ಅವಳು ಹಿಂದಿನ ಸೀಟಿನಲ್ಲಿ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಲಿಂಫೋಮಾ, ಲಿಂಫೋಮಾ ಎಂದು ಮನಸ್ಸಿನಲ್ಲೇ ಹೇಳಿ ನೋಡಿದಳು. ಎಷ್ಟು ಅಚ್ಚುಕಟ್ಟಾದ ಹೆಸರು. ತನ್ನದಕ್ಕೆ ಮನೆಯಲ್ಲಿ 'ಕೈ' ಎಂದಷ್ಟೇ ಹೆಸರು.

ಅವತ್ತಿನಿಂದ ಮನೆಯ ಯಜಮಾನ ದಫೇದಾರನೇ ಆದ. ಜಾರದಿರಲೆಂದು ಕೋಣೆಯಿಂದ ಕೋಣೆಗೆ ರಬ್ಬರ್ ಚಾಪೆ ಹಾಸಿದರು. ಮೂರು ಅಂತಸ್ತು ಗಂಡ ಅದನ್ನು ಎತ್ತಿಕೊಂಡೇ ಇಳಿದ, ಎತ್ತಿಕೊಂಡೇ ಹತ್ತಿದ. ಊರ ತುಂಬ ಲಿಫ್ಟ್ ರಿಪೇರಿ ಮಾಡುವವನ ಮನೆಗೇ ಲಿಫ್ಟಿಲ್ಲ ಎಂದು ತಾನೇ ಹೇಳಿಕೊಂಡು ನಕ್ಕ. ಸಂಜೆ ನೆಲದ ಮೇಲೆ ಕಾಲು ಚಾಚಿ ಕೂತು ವೈದ್ಯೆ ಹೇಳಿಕೊಟ್ಟ ಹಾಗೆ ಹೆಬ್ಬೆರಳಿನಿಂದ ನಾಯಿಯ ಪಂಜವನ್ನು, ಮೊಣಕಾಲನ್ನು, ಹೆಗಲನ್ನು ಒಂದೊಂದಾಗಿ ನೀವುತ್ತಿದ್ದ. ಗ್ರೀಸು ಹಿಡಿದು ಒರಟಾದ ಆ ಬೆರಳುಗಳಿಗೆ ಅಷ್ಟು ನಯ ಎಲ್ಲಿತ್ತೋ. ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ಅದನ್ನು ನೋಡುತ್ತಿದ್ದಳು, ಬೇರೆಯವರ ಮನೆಯ ಕಿಟಕಿಯೊಳಗೆ ಇಣುಕಿದಂತೆ. ಒಂದು ಸಂಜೆ ಕೆಲಸದಿಂದ ಬಂದು ಕಪಾಟು ತೆರೆದರೆ ಅವಳ ಬಿಸಿನೀರಿನ ಚೀಲ ಇರಲಿಲ್ಲ. ಅದು ನಾಯಿಯ ಹೆಗಲಿನ ಕೆಳಗಿತ್ತು. ಅವನು ಕೇಳಿರಲಿಲ್ಲ. ಕೇಳಿದ್ದರೆ ಕೊಡುತ್ತಿರಲಿಲ್ಲವೇ? ಕೊಡುತ್ತಿದ್ದಳು. ಆದರೆ ಕೇಳುವಾಗ ಅವನಿಗೆ ಅದು ಯಾರದೆಂದು, ಯಾತಕ್ಕೆಂದು ನೆನಪಾಗುತ್ತಿತ್ತು. ಅವಳು ಒಂದು ಬಾಟಲಿಗೆ ಬಿಸಿನೀರು ತುಂಬಿ ಟವೆಲ್ಲಿನಲ್ಲಿ ಸುತ್ತಿ ಮೊಣಕೈಗೆ ಇಟ್ಟುಕೊಂಡಳು. ಬಾಟಲಿ ಸೋರಿತು.

ಕೆಳಮನೆಯ ಹೆಂಗಸು, ನಾಯಿ ಗೋಡೆಗೆ ಕಾಲೆತ್ತುತ್ತದೆಂದು ಎರಡು ವರ್ಷ ಮಾತು ಬಿಟ್ಟಿದ್ದವಳು, ಈಗ ದಿನಾ ಬಾಗಿಲಿಗೆ ಬಂದು ಹೇಗಿದೆ ಎಂದು ಕೇಳುತ್ತಿದ್ದಳು. ಮಗಳು ಫೋನ್ ಮಾಡಿದರೆ ಮೊದಲು ಅಪ್ಪನಿಗೆ ಕೊಡು ಎನ್ನುತ್ತಿದ್ದಳು, ನಾಯಿಯ ಸುದ್ದಿ ಅವನೇ ಸರಿಯಾಗಿ ಹೇಳುತ್ತಾನೆಂದು. ತಾನು ಕೆಲಸ ಮಾಡುತ್ತಿದ್ದ ಬೀಜ ಪರೀಕ್ಷಾ ಕೇಂದ್ರದಲ್ಲೂ ಅದೇ. ದೀಪ ಹಾಕಿದ ಗಾಜಿನ ಮೇಜಿನ ಮೇಲೆ ಬೀಜ ಸುರಿದುಕೊಂಡು, ಚಿಮಟದಲ್ಲಿ ಒಂದೊಂದನ್ನೇ ಎತ್ತಿ ಒಳ್ಳೆಯದು, ಮುರಿದದ್ದು, ಕಳೆ, ಕಸ ಎಂದು ನಾಲ್ಕು ಬಟ್ಟಲಿಗೆ ಬೇರ್ಪಡಿಸುವುದು ಅವಳ ಕೆಲಸ. ಒದ್ದೆ ಕಾಗದದಲ್ಲಿ ಸುತ್ತಿಟ್ಟ ಬೀಜಗಳನ್ನು ಏಳನೆಯ ದಿನ ಬಿಚ್ಚಿ, ಎಷ್ಟು ಸರಿಯಾಗಿ ಮೊಳೆತವು, ಎಷ್ಟು ಸೊಟ್ಟಗೆ ಮೊಳೆತವು, ಎಷ್ಟು ಸತ್ತವು ಎಂದು ಬರೆಯಬೇಕು. ಹದಿನೇಳು ವರ್ಷದಿಂದ ಅದೇ ಕುರ್ಚಿ, ಅದೇ ಚಿಮಟ. ಈಗ ಮಧ್ಯಾಹ್ನದ ಹೊತ್ತಿಗೆ ಚಿಮಟದ ಎರಡು ತುದಿ ಸೇರಿಸುವುದೇ ಸಾಹಸ. ಒಂದು ದಿನ ಬೀಜ ಚಿಮಟದಿಂದ ಹಾರಿ ಎದುರು ಮೇಜಿನವಳ ಟೀಯೊಳಗೆ ಬಿತ್ತು. ಕೈ ತುಂಬಾ ನೋಯುತ್ತಿದೆ ಎಂದಳು ಅವಳು, ಕ್ಷಮೆ ಕೇಳುವ ಬದಲು. ಎದುರು ಮೇಜಿನವಳು ಒಳ್ಳೆಯವಳೇ. ಟೀಯನ್ನು ಚೆಲ್ಲುತ್ತ "ನಾಯಿ ಎತ್ತಿ ಎತ್ತಿ ಹಂಗಾಗಿರುತ್ತೆ ಬಿಡಿ," ಎಂದಳು. ನಾಲ್ಕು ವರ್ಷದ ಅವಳ ನೋವನ್ನು ನಾಯಿ ಒಂದೇ ಏಟಿಗೆ ತನ್ನ ಹೆಸರಿಗೆ ಬರೆಸಿಕೊಂಡಿತ್ತು. ಮೇಲಧಿಕಾರಿ ಅವಳನ್ನು ಕರೆದು, ಬೇಕಾದರೆ ವಾರಕ್ಕೊಂದು ದಿನ ಬೇಗ ಹೊರಡಿ, ಮನೆಯಲ್ಲಿ ಕಾಯಿಲೆಯಿರುವಾಗ ಕಷ್ಟ ಎಂದರು. ತಮ್ಮ ಮನೆಯಲ್ಲೂ ಒಂದು ನಾಯಿಯಿತ್ತಂತೆ.

ಔಷಧಿ ಹಿಡಿಯಿತು. ಎರಡು ವಾರದಲ್ಲಿ ದಫೇದಾರ ಕಾಲೂರಿದ, ತಿಂಗಳಲ್ಲಿ ಮೆಟ್ಟಿಲಿನ ತುದಿಗೆ ಹೋಗಿ ಕೂತ. ಗಂಡ ಅವಳ ಎರಡೂ ಭುಜ ಹಿಡಿದು ಅಲ್ಲಾಡಿಸಿ, ನೋಡಿದೆಯಾ, ನೋಡಿದೆಯಾ ಎಂದ. ಅವನು ಅವಳನ್ನು ಹಾಗೆ ಹಿಡಿದು ಎಷ್ಟು ಕಾಲವಾಗಿತ್ತೋ. ಬಲಗೈಯೊಳಗೆ ತಂತಿ ಚುರ್ರೆಂದರೂ ಕೈ ಬಿಡಿಸಿಕೊಳ್ಳಲಿಲ್ಲ. ಆ ದಿನಗಳಲ್ಲಿ ಅವಳೂ ನಾಯಿಯನ್ನು ಪ್ರೀತಿಯಿಂದ ನೋಡಿದಳು. ಗುಣವಾಗುತ್ತಿರುವವರ ಮೇಲೆ ಹೊಟ್ಟೆಕಿಚ್ಚು ಸ್ವಲ್ಪ ಸಡಿಲವಾಗುತ್ತದೆ ಎಂದು ಅವಳು ಕಂಡುಕೊಂಡಳು. ಆದರೆ ನಾಲ್ಕನೆಯ ತಿಂಗಳಿನಲ್ಲಿ ನಾಯಿಯ ಎಡಗಣ್ಣಿನ ರೆಪ್ಪೆ ಜೋತುಬಿತ್ತು. ಆಮೇಲೆ ಎಡ ಕೆನ್ನೆ ಒಳಕ್ಕೆ ಹೋಯಿತು, ತಿನ್ನುವಾಗ ಅನ್ನ ಆ ಬದಿಯಿಂದ ಉದುರುತ್ತಿತ್ತು. ಬೇರೆ ನರಗಳಿಗೂ ಹತ್ತಿದೆ ಎಂದಳು ವೈದ್ಯೆ. ಇನ್ನು ನೋವು ತಗ್ಗಿಸುವುದಷ್ಟೇ ನಮ್ಮ ಕೈಲಿರುವುದು, ದಿನಕ್ಕೆ ಮೂರು ಸಲ ಈ ಮಾತ್ರೆ, ಒಂದೂ ತಪ್ಪಿಸಬೇಡಿ ಎಂದಳು. ನರದ ನೋವಿಗೆ ಮನುಷ್ಯರಿಗೂ ಇದನ್ನೇ ಕೊಡುತ್ತಾರೆ ಎಂದು, ಗಂಡನಿಗೆ ಧೈರ್ಯ ಬರಲೆಂದೋ ಏನೋ, ಸೇರಿಸಿದಳು. ಅರ್ಧ ಹಳದಿ, ಅರ್ಧ ಬಿಳಿಯ ಮಾತ್ರೆ.

ಅದೊಂದು ಭಾನುವಾರ. ಬೆಳಿಗ್ಗೆಯೇ ಗಂಡನಿಗೆ ಕರೆ ಬಂತು. ಯಾವುದೋ ಕಟ್ಟಡದಲ್ಲಿ ಲಿಫ್ಟ್ ಎರಡು ಅಂತಸ್ತಿನ ನಡುವೆ ನಿಂತು ಒಳಗೆ ಗಂಡಹೆಂಡತಿ ಸಿಕ್ಕಿಕೊಂಡಿದ್ದರು. ಡಬ್ಬಿಯಲ್ಲಿ ಒಂದೇ ಮಾತ್ರೆ ಉಳಿದಿದೆ, ಹನ್ನೆರಡಕ್ಕೆ ಕೊಡು, ಸಂಜೆಗೆ ನಾನು ತರುತ್ತೇನೆ ಎಂದು ಹೇಳಿ ಹೋದ. ಆ ವಾರ ಬಿತ್ತನೆ ಕಾಲದ ಕೆಲಸ ಮೈಮೇಲೆ ಬಿದ್ದು ಅವಳು ಎರಡು ದಿನದ ಬೀಜವನ್ನು ಒಂದು ದಿನದಲ್ಲಿ ಆರಿಸಿದ್ದಳು. ಶನಿವಾರದಿಂದ ಕೈ ಕೈಯಾಗಿರಲಿಲ್ಲ. ಹನ್ನೆರಡಕ್ಕೆ ಬ್ರೆಡ್ಡಿನ ಚೂರಿನಲ್ಲಿ ಮಾತ್ರೆ ಹುದುಗಿಸಿ ನಾಯಿಯ ಮುಂದೆ ಕೂತಳು. ಅದು ಜೋತ ರೆಪ್ಪೆಯ ಕೆಳಗಿನಿಂದ ಅವಳನ್ನು ನೋಡಿತು. ಯೋಚಿಸಿ ಮಾಡಿದ್ದಲ್ಲ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಆದರೆ ಬ್ರೆಡ್ಡಿನಿಂದ ಮಾತ್ರೆಯನ್ನು ಬಿಡಿಸಿ, ಅದಕ್ಕಂಟಿದ್ದ ಚೂರನ್ನು ಒರೆಸಿ ತಾನು ನುಂಗಿ, ಖಾಲಿ ಬ್ರೆಡ್ಡನ್ನು ಮಾತ್ರ ನಾಯಿಗೆ ತಿನ್ನಿಸಿದ್ದಳಲ್ಲ. ಅಷ್ಟು ಕೆಲಸಕ್ಕೆ ಯೋಚನೆ ಬೇಕೇ ಬೇಕು. ನಾಯಿ ಬ್ರೆಡ್ಡನ್ನು ಬಲಗಡೆಯ ಹಲ್ಲಿನಲ್ಲಿ ನಿಧಾನವಾಗಿ ಅಗಿದು, ಅವಳ ಅಂಗೈ ನೆಕ್ಕಿತು.

ಒಂದೂವರೆಯ ಹೊತ್ತಿಗೆ ನೋವು ದೂರ ಸರಿಯಿತು. ಹೋಗಲಿಲ್ಲ, ಪಕ್ಕದ ಮನೆಯ ರೇಡಿಯೋದ ದನಿ ತಗ್ಗಿಸಿದಂತೆ ಎಲ್ಲೋ ಇತ್ತು, ಆದರೆ ಅವಳ ಮನೆಯಲ್ಲಿರಲಿಲ್ಲ. ಅವಳು ಕೈಯನ್ನು ಬಿಡಿಸಿದಳು, ಮಡಿಸಿದಳು, ಕಿರುಬೆರಳನ್ನು ಹೆಬ್ಬೆರಳಿಗೆ ಮುಟ್ಟಿಸಿದಳು. ಹಾಗಾದರೆ ಇದು ಮನೆ ಖಾಲಿಯಾದದ್ದಲ್ಲ, ಮನಸ್ಸು ಕೂತದ್ದಲ್ಲ, ನರವೇ. ಯಾರಿಗಾದರೂ ಹೇಳಬೇಕೆನ್ನಿಸಿ ತಿರುಗಿದರೆ ಎದುರಿಗೆ ದಫೇದಾರ ಇತ್ತು. ಅದು ಎಡಗಾಲನ್ನು ಮೈಯಿಂದ ದೂರ ಹಿಡಿದು, ಕತ್ತು ಚಾಚಿ, ಏನನ್ನೂ ನೋಡದೆ ಕೂತಿತ್ತು. ಮಲಗಲು ಹೋಗಿ ಅರ್ಧಕ್ಕೇ ಎದ್ದಿತು. ಮತ್ತೆ ಮಲಗಲು ಹೋಯಿತು, ಎದ್ದಿತು. ಕೂಗಲಿಲ್ಲ. ಉಸಿರು ಮಾತ್ರ ಸಣ್ಣ ಸಣ್ಣ ತುಂಡಾಗಿ ಬರುತ್ತಿತ್ತು. ತನ್ನ ಕೈ ಹಗುರವಾಗಿ, ತಿಳಿಯಾಗಿ ಕೂತು ಅವಳು ಅದನ್ನು ನೋಡಿದಳು. ತಾನು ನಾಲ್ಕು ವರ್ಷ ಒಳಗಿನಿಂದ ಕಂಡದ್ದನ್ನು ಮೊದಲ ಸಲ ಹೊರಗಿನಿಂದ ನೋಡುತ್ತಿದ್ದಳು. ಎಷ್ಟು ಕಡಿಮೆ ಕಾಣುತ್ತದೆ. ಪಕ್ಕದಲ್ಲಿ ಕೂತವರಿಗೆ ಕಾಣುವುದು ಇಷ್ಟೇ: ಯಾರೋ ಸರಿಯಾಗಿ ಕೂರುತ್ತಿಲ್ಲ, ಎತ್ತಲೋ ನೋಡುತ್ತಿದ್ದಾರೆ. ಅವಳಿಗೆ ಗಂಡನ ನೆನಪಾಯಿತು. ಸಿಟ್ಟು ಬರಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡು ಓಡಿದಳು.

ಭಾನುವಾರದ ಮಧ್ಯಾಹ್ನ. ಮೊದಲ ಅಂಗಡಿಗೆ ಬೀಗ. ಎರಡನೆಯದರಲ್ಲಿ ಆ ಮಾತ್ರೆ ಇರಲಿಲ್ಲ. ಸೇತುವೆಯಾಚೆಯ ಮೂರನೆಯ ಅಂಗಡಿಯವನು ಚೀಟಿ ಕೇಳಿದ. ಚೀಟಿ ಮನೆಯಲ್ಲಿತ್ತು. ವಾಪಸು ಬಂದು, ಚೀಟಿ ಹುಡುಕಿ, ಮತ್ತೆ ಹೋದಳು. ಯಾರಿಗೆ ಎಂದು ಅಂಗಡಿಯವನು ಕೇಳಿದ. ನಾಯಿಗೆ ಎಂದಳು. ಅವನು ತಕ್ಷಣ ಎದ್ದು ತೆಗೆದುಕೊಟ್ಟ. ಮೂರೂವರೆಗೆ ನಾಯಿಯ ಬಾಯಿಗೆ ಮಾತ್ರೆ ಹಾಕಿ, ಗಂಟಲು ನೀವಿ ನುಂಗಿಸಿದಳು. ಆಮೇಲೆ ಒಂದೂವರೆ ಗಂಟೆ ನೆಲದ ಮೇಲೆಯೇ ಅದರ ಪಕ್ಕ ಕೂತಿದ್ದಳು. ಮುಟ್ಟಲಿಲ್ಲ. ಅಂಥ ಹೊತ್ತಿನಲ್ಲಿ ಯಾರೂ ಮುಟ್ಟಬಾರದು, ಆದರೆ ಎದ್ದೂ ಹೋಗಬಾರದು ಎಂಬುದು ಅವಳಿಗೆ ಗೊತ್ತಿತ್ತು. ನಾಯಿ ಕೊನೆಗೆ ಮಲಗಿದಾಗ ಅವಳ ಕೈಗೆ ನೋವು ಮೆಲ್ಲಗೆ ಮರಳಿ ಬರುತ್ತಿತ್ತು.

ಗಂಡ ಬಂದವನು ಮೊದಲು ನಾಯಿಯ ಹತ್ತಿರ ಹೋದ. ಆಮೇಲೆ ತಾನು ತಂದ ಮಾತ್ರೆಗಳನ್ನು ಡಬ್ಬಿಗೆ ಹಾಕಲು ಹೋಗಿ ಅಲ್ಲಿದ್ದ ಹೊಸ ಸ್ಟ್ರಿಪ್ಪನ್ನು ನೋಡಿದ. ಇದು ಯಾವಾಗ ಬಂತು ಎಂದು ಕೇಳಿದ.

"ಹನ್ನೆರಡು ಗಂಟೆ ಮಾತ್ರೆ ನಾನು ನುಂಗ್ದೆ ರೀ," ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಕೈಗೆ ಎಂದು ಅವಳು ಹೇಳಿದಳು. ನಾಯಿಗೆ ಮೂರೂವರೆವರೆಗೆ ಏನೂ ಸಿಗಲಿಲ್ಲವೆಂದೂ, ಅದು ಹೇಗಿತ್ತೆಂದೂ, ಬಿಡದೆ ಹೇಳಿದಳು. ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಿಸಲಾಗಲಿಲ್ಲ, ಎದೆಪಟ್ಟಿಯನ್ನು ಹೇಳಿದಳು, ಮೊದಲ ದಿನವೇ ಗೊತ್ತಾದದ್ದನ್ನು ಹೇಳಿದಳು, ಇಪ್ಪತ್ತೆರಡು ದಿನವನ್ನು ಹೇಳಿದಳು. ನೀವು ನೋಡದೇ ಇದ್ದದ್ದಲ್ಲ, ನಾನು ನೋಡಿಯೂ ಹೇಳದೇ ಇದ್ದದ್ದು ಎಂದಳು. ಗಂಡ ಕುರ್ಚಿ ಹಿಡಿದುಕೊಂಡು ಕೂತ.

"ಎಣಿಸ್ತಿದ್ಯಾ?" ಎಂದ.

"ಹೂಂ."

"ನನ್ನ ಮೇಲೆ ಸಿಟ್ಟಿದ್ರೆ ನನಗೇನಾದ್ರೂ ಮಾಡ್ಬೇಕಿತ್ತು. ಅದೇನು ಮಾಡಿತ್ತು ನಿನಗೆ?"

"ಏನೂ ಮಾಡಿರಲಿಲ್ಲ." ಅವಳು ನಾಯಿಯ ಕಡೆ ತಿರುಗಿದಳು. "ಅದು ಏನೂ ಹೇಳದೇನೇ ಎಲ್ರೂ ನಂಬಿದ್ರು."

ಅವನು ಎದ್ದ. ಹಾಸಿಗೆಯನ್ನು ಹೊರಕೋಣೆಗೆ, ನಾಯಿಯ ಪಕ್ಕಕ್ಕೆ ಎಳೆದುಕೊಂಡು ಹೋದ. ಆಮೇಲಿನ ಒಂಬತ್ತು ದಿನ ಅವಳೊಡನೆ ಬೇಕಾದಷ್ಟೇ ಮಾತಾಡಿದ, ಅದೂ ಹೆಚ್ಚಾಗಿ ನಾಯಿಗೆ ಹೇಳುವಂತೆ: ದಫೇದಾರ, ನೀರು ಕಾದಿದೆಯೋ ಕೇಳು. ಮಾತ್ರೆಗಳ ಸ್ಟ್ರಿಪ್ಪನ್ನು ಷರ್ಟಿನ ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋದ. ಮಧ್ಯಾಹ್ನದ ಒಂದನ್ನು ಕೆಳಮನೆಯ ಹೆಂಗಸಿನ ಕೈಗೆ ಕೊಟ್ಟು, ನೀವೇ ತಿನ್ನಿಸಿ, ನುಂಗುವವರೆಗೆ ನಿಂತು ನೋಡಿ ಎಂದು ಹೇಳಿ ಹೋದ. ಯಾಕೆಂದು ಆ ಹೆಂಗಸು ಕೇಳಿದ್ದಳಂತೆ. ನನ್ನ ಹೆಂಡತಿಗೆ ಕೈ ಹಿಡಿತ ಸಾಲದು, ಮಾತ್ರೆ ಬಿದ್ದುಹೋಗುತ್ತದೆ ಎಂದಿದ್ದನಂತೆ. ಮೆಟ್ಟಿಲಿನಲ್ಲಿ ಆ ಹೆಂಗಸೇ ಇದನ್ನು ಹೇಳಿದಾಗ ಅವಳ ಕಿವಿ ಬಿಸಿಯಾಯಿತು. ಅವನು ಅವಳ ಕಳ್ಳತನವನ್ನು ಮುಚ್ಚಿದ್ದ, ಅದಕ್ಕೆ ಅವಳ ನೋವನ್ನೇ ಬಳಸಿದ್ದ. ಅವಮಾನ ಯಾವುದು, ಮರ್ಯಾದೆ ಯಾವುದು ಎಂದು ಬಿಡಿಸಲಾಗದೆ ಎರಡನ್ನೂ ನುಂಗಿಕೊಂಡು ಮೇಲೆ ಬಂದಳು. ಅವನಿಗೆ ಹೇಳಿದ್ದರಿಂದ ಮನಸ್ಸು ಹಗುರವಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಹೊರಕೋಣೆಯಲ್ಲಿ ಅವನು ನಾಯಿಯ ಪಂಜ ನೀವುವುದನ್ನು ನೋಡಿದರೆ ಈಗಲೂ ಅದೇ ಹುಳಿ ಗಂಟಲಿಗೆ ಬರುತ್ತಿತ್ತು. ಸಾಯುತ್ತಿರುವುದರ ಮೇಲೂ ಬಿಡದಂಥ ಹೊಟ್ಟೆಕಿಚ್ಚು ತನ್ನದೆಂದು ತಿಳಿದುಕೊಂಡು ಬಾಳಬೇಕಿತ್ತು.

ಹತ್ತನೆಯ ದಿನ ಬೆಳಿಗ್ಗೆ ನಾಯಿಗೆ ಏಳಲಾಗಲಿಲ್ಲ, ನೀರು ಇಳಿಯಲಿಲ್ಲ. ಇನ್ನು ನರಳಿಸುವುದು ಬೇಡವೆಂದು ಗಂಡ ವೈದ್ಯೆಗೆ ಫೋನ್ ಮಾಡಿದ. ಹನ್ನೊಂದರ ಹೊತ್ತಿಗೆ ವೈದ್ಯೆ ತನ್ನ ಚೀಲ ಹಿಡಿದು ಮನೆಗೇ ಬಂದಳು. ಅದನ್ನು ಯಾರಾದರೂ ಹಿಡಿದುಕೊಂಡು ಕೂತರೆ ಒಳ್ಳೆಯದು, ಹೆದರುವುದಿಲ್ಲ ಎಂದಳು. ಗಂಡ ಎದೆಯ ಕೆಳಗೆ ಕೈ ತೂರಿಸಿ ಎತ್ತಲು ಹೋದ, ದಿನಾ ಎತ್ತುವ ಹಾಗೆಯೇ. ನಾಯಿಯ ತುಟಿ ನಡುಗಿತು. "ಅಲ್ಲಿ ಹಿಡೀಬೇಡಿ," ಎಂದಳು ಅವಳು. ಒಂಬತ್ತು ದಿನಗಳ ಮೇಲೆ ಅವನಿಗೇ ನೇರವಾಗಿ ಹೇಳಿದ ಮೊದಲ ಮಾತು. ಅವನ ಕೈಗಳನ್ನು ತೆಗೆಸಿ ತಾನು ನೆಲದ ಮೇಲೆ ಕೂತಳು. ಒಂದು ಅಂಗೈಯನ್ನು ಸೊಂಟದ ಕೆಳಗೂ ಇನ್ನೊಂದನ್ನು ಬಲ ದವಡೆಯ ಕೆಳಗೂ ಇಟ್ಟು, ಎಡ ಹೆಗಲು ಗಾಳಿಯಲ್ಲೇ ಉಳಿಯುವ ಹಾಗೆ, ಎಲ್ಲೂ ಏನೂ ತಾಗದ ಹಾಗೆ ಎಳೆದುಕೊಂಡಳು. ನಾಯಿ ಭಾರವಿತ್ತು. ಕಿರುಬೆರಳಿನವರೆಗೆ ತಂತಿ ಹೊತ್ತಿಕೊಂಡಿತು. ಬಿಡಲಿಲ್ಲ. ವೈದ್ಯೆ ಸೂಜಿ ಹಾಕಿದಳು. ದಫೇದಾರ ಅವಳ ಮಡಿಲಲ್ಲಿ ಒಮ್ಮೆ ದೀರ್ಘವಾಗಿ ಉಸಿರುಬಿಟ್ಟಿತು. ಬಹಳ ದಿನಗಳ ಮೇಲೆ ತುಂಡಾಗದೆ ಬಂದ ಉಸಿರು ಅದು. ಆಮೇಲೆ ಬರಲಿಲ್ಲ. ವೈದ್ಯೆ ನಾಯಿಯ ಎದೆಗೆ ಸ್ಟೆಥಾಸ್ಕೋಪ್ ಇಟ್ಟು ಕೇಳಿ, ತಲೆಯಾಡಿಸಿ, ಗಂಡನ ಭುಜ ಮುಟ್ಟಿ ಹೊರಟುಹೋದಳು.

ಗಂಡ ಎದುರಿನ ಗೋಡೆಗೆ ಒರಗಿ ಕೂತಿದ್ದ. ಅಳುತ್ತಿರಲಿಲ್ಲ. ಅವನು ನಾಯಿಯನ್ನು ನೋಡುತ್ತಿದ್ದಾನೆಂದು ಅವಳು ತಿಳಿದಿದ್ದಳು. ಬಹಳ ಹೊತ್ತಾದ ಮೇಲೆ ಅವನು ನೋಡುತ್ತಿರುವುದು ತನ್ನ ಕೈಗಳನ್ನು ಎಂದು ಗೊತ್ತಾಯಿತು. ನಾಯಿಯ ಹೆಗಲಿಗೆ ಇನ್ನು ನೋವಿಲ್ಲ ಎಂಬುದನ್ನು ಮರೆತ ಅವು ಇನ್ನೂ ಆ ಜಾಗವನ್ನು ತಪ್ಪಿಸಿಯೇ ಹಿಡಿದಿದ್ದವು.

"ನಿನಗೂ ಅಲ್ಲೇನಾ?" ಎಂದ.

ಅವನು ಅವಳನ್ನು ಕ್ಷಮಿಸಿರಲಿಲ್ಲ, ಅದು ದನಿಯಲ್ಲೇ ಇತ್ತು. ಆದರೆ ನಾಲ್ಕು ವರ್ಷದಲ್ಲಿ ಎಲ್ಲಿ ಎಂದು ಅವನು ಕೇಳಿದ್ದು ಅದೇ ಮೊದಲು. ಈ ಪ್ರಶ್ನೆಯೂ ನಾಯಿಯ ಪಾಲಿನದೇ, ಅದು ತಿಂದು ಉಳಿಸಿದ್ದು ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಮಡಿಲಲ್ಲಿ ಇನ್ನೂ ಬೆಚ್ಚಗಿದ್ದ ತಲೆಯ ಮೇಲೆ ಆ ಕ್ಷಣದಲ್ಲೂ ಒಂದು ಸಣ್ಣ ಕಿಚ್ಚು ಎದ್ದಿತು. ಉಳಿಸಿದ್ದಾದರೂ ಸರಿ, ಬೇಕಿತ್ತು.

"ಇಲ್ಲ," ಎಂದಳು. "ನನಗೆ ಮೊಣಕೈ ಹತ್ರ ಶುರುವಾಗುತ್ತೆ. ಒಳಗಡೆಯಿಂದ."

ಎಡಗೈಯಿಂದ ಬಲತೋಳಿನ ಬಟ್ಟೆಯನ್ನು ಮೇಲಕ್ಕೆ ಸರಿಸಿ ತೋರಿಸಿದಳು. ನೋಡಲು ಅಲ್ಲಿ ಏನೂ ಇರಲಿಲ್ಲ, ಎಲ್ಲರ ಕೈಯಂತೆ ಒಂದು ಕೈ. ಗಂಡ ಸ್ವಲ್ಪ ಹೊತ್ತು ಕೂತಲ್ಲಿಂದಲೇ ಅದನ್ನು ನೋಡಿದ. ಆಮೇಲೆ ಗೋಡೆ ಹಿಡಿದುಕೊಂಡು ಎದ್ದು, ಒಳಗೆ ಹೋಗಿ, ಕನ್ನಡಕ ಹಾಕಿಕೊಂಡು ಬಂದ.